ಎಂ.ಎಲ್.-365 ರಾಗಿ: ಚೀಲದಲ್ಲಿ ಇರುವುದು, ಚೀಲದ ಮೇಲೆ ಬರೆಯದೆ ಬಿಟ್ಟದ್ದು

ಎಂ.ಎಲ್.-365 ಬಿತ್ತಬಹುದೇ ಎಂದು ಗಿರಣಿಗೆ ಬಂದವರು ಕೇಳುತ್ತಲೇ ಇರುತ್ತಾರೆ. ಬಿತ್ತಬಹುದು. ನಾನೂ ಅದನ್ನೇ ಬಿತ್ತುತ್ತೇನೆ. ಆದರೆ 'ಬರ ತಡೆಯುವ ರಾಗಿ' ಎಂಬ ಒಂದೇ ಮಾತನ್ನು ನಂಬಿಕೊಂಡು ಚೀಲ ಹೊತ್ತು ಹೋಗುವವರಿಗೆ ಒಂದು ವಿಷಯ ಹೇಳಲೇಬೇಕು. ಈ ತಳಿ ಬರ ತಡೆಯುವುದು ಪೈರಾಗಿ ನಿಂತ ಮೇಲೆ. ಬಿತ್ತಿದ ಮೊದಲ ವಾರದಲ್ಲಿ ಮಣ್ಣು ಒಣಗಿತೆಂದರೆ ಇದಕ್ಕೂ ಊರಿನ ಮಿಕ್ಕ ರಾಗಿಗೂ ಹೆಚ್ಚಿನ ವ್ಯತ್ಯಾಸ ನನಗೆ ಕಂಡಿಲ್ಲ. ಆ ಒಂದು ವಾರವನ್ನು ದಾಟಿಸುವ ಹೊಣೆ ಬೀಜ ಕೊಂಡವರ ಮೇಲೆಯೇ ಬೀಳುತ್ತದೆ. ಅದಕ್ಕೆ ತಗಲುವ ಖರ್ಚು ಕೆಲವು ಲೀಟರ್ ನೀರು ಮತ್ತು ಒಂದು ಹಳೆಯ ಪಂಚೆ. ಚೀಲದ ಮೇಲೆ ಮಾತ್ರ ಯಾರೂ ಅದನ್ನು ಅಚ್ಚು ಹಾಕಿಸಿಲ್ಲ.

ನಾನು ಮಾಗಡಿ ಸೀಮೆಯವನು. ರಸ್ತೆ ಬದಿಯಲ್ಲಿ ಒಂದು ಹಿಟ್ಟಿನ ಗಿರಣಿ, ಊರ ಹಿಂದೆ ಎರಡು ಎಕರೆ ಖುಷ್ಕಿ ಜಮೀನು. ಕೊಳವೆಬಾವಿ ಇಲ್ಲ, ಕೊರೆಸುವ ಯೋಚನೆಯೂ ಇಲ್ಲ. ಗಿರಣಿ ನಡೆಸುವವನಿಗೆ ಒಂದು ಅನುಕೂಲವಿದೆ. ಸುತ್ತಲಿನ ಊರುಗಳ ರಾಗಿಯೆಲ್ಲ ಕೈಯ ಮೇಲೆ ಹಾದು ಹೋಗುತ್ತದೆ. ಯಾರ ಹೊಲದ ಕಾಳು ಈ ವರ್ಷ ಜೊಳ್ಳು, ಯಾರದು ತೂಕ, ಯಾವ ಹಿಟ್ಟು ಮುದ್ದೆಗೆ ಹೊಂದುತ್ತದೆ, ಯಾವುದು ತಟ್ಟೆಯಲ್ಲಿ ಹರಡಿಕೊಳ್ಳುತ್ತದೆ ಎಂಬುದು ಕೃಷಿ ಇಲಾಖೆಯ ವರದಿಗಿಂತ ಮೊದಲು ನನಗೆ ತಿಳಿಯುತ್ತದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಿತಲ್ಲ, ಆ ವರ್ಷ ಗಿರಣಿಯ ಮುಂದೆ ಚೀಲಗಳ ಸಾಲೇ ಕರಗಿ ಹೋಯಿತು. ಈ ಬೀಜದ ವಿಚಾರಣೆ ಹೆಚ್ಚಿದ್ದು ಅದಾದ ಮೇಲೆ.

ಮೊದಲು ತಳಿಯ ಕುಲಗೋತ್ರ. ಇದು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ತಳಿ, 2008ರದು. ತಾಯಿ ಐ.ಇ.-1012, ತಂದೆ ಇಂಡಾಫ್-5. ಇಂಡಾಫ್ ಎಂದ ಮೇಲೆ ಮಂಡ್ಯದ ವಿ.ಸಿ. ಫಾರಂ ಸಂಶೋಧನಾ ಕೇಂದ್ರದ ತಳಿ ವಿಜ್ಞಾನಿ 'ರಾಗಿ' ಲಕ್ಷ್ಮಣಯ್ಯನವರನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ನಮ್ಮ ನಾಡಿನ ರಾಗಿಗೂ ಆಫ್ರಿಕಾದ ರಾಗಿಗೂ ಸಂಬಂಧ ಬೆಳೆಸಿದವರು ಅವರು; ಇಂಡಿಯಾ, ಆಫ್ರಿಕಾ ಎರಡೂ ಸೇರಿ ಇಂಡಾಫ್. ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಜಿ.ಪಿ.ಯು.-28 ರಾಗಿ ತಳಿಯ ಮೈಯಲ್ಲೂ ಇದೇ ಐ.ಇ.-1012, ಇಂಡಾಫ್-5 ಎರಡರ ರಕ್ತ ಹರಿಯುತ್ತಿದೆ, ಜೊತೆಗೆ ಇಂಡಾಫ್-9 ಕೂಡ. ಹಾಗಾಗಿ ಇವೆರಡೂ ದಾಯಾದಿಗಳು. ತೆನೆಯ ಕತ್ತಿಗೆ ತಗಲುವ ಇಲುಕು ರೋಗಕ್ಕೆ ಎರಡೂ ಬಗ್ಗುವುದಿಲ್ಲ. ಕಟಾವಿಗೆ ಎಂ.ಎಲ್.-365 ನಾಲ್ಕೈದು ದಿನ ಮುಂಚೆ, 105ರಿಂದ 110 ದಿನಕ್ಕೆ ಬರುತ್ತದೆ.

ಈ ತಳಿಗೆ ಇನ್ನೊಂದು ಹೆಗ್ಗಳಿಕೆಯಿದೆ, ಅದನ್ನು ನಮ್ಮ ಕಡೆಯವರೇ ಅರಿಯರು. ಜಿ.ಕೆ.ವಿ.ಕೆ.ಯ, ಅಂದರೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಆವರಣದ, ವಿಜ್ಞಾನಿ ಶೈಲಜಾ ಹಿತ್ತಲಮನಿ ಮತ್ತು ಅವರ ಸಂಗಡಿಗರು 2017ರಲ್ಲಿ ರಾಗಿಯ ಜೀನೋಮನ್ನು, ಅಂದರೆ ಅದರ ಇಡೀ ವಂಶವಾಹಿ ಬರಹವನ್ನು, ಓದಿ ಪ್ರಕಟಿಸಿದಾಗ ಆರಿಸಿಕೊಂಡದ್ದು ಈ ಎಂ.ಎಲ್.-365 ತಳಿಯನ್ನೇ. ಅದರಲ್ಲಿ 85,243 ಜೀನ್‌ಗಳನ್ನು ಅವರು ಗುರುತಿಸಿದರು. ಬರೀ ಎಣಿಸಿ ಬಿಡಲಿಲ್ಲ. ನೀರು ಕಡಿಮೆ ಮಾಡಿದ ಗಿಡವನ್ನೂ ನೀರುಂಡ ಗಿಡವನ್ನೂ ಪಕ್ಕಪಕ್ಕದಲ್ಲಿಟ್ಟು, ಬಾಯಾರಿದಾಗ ಯಾವ ಜೀನ್‌ಗಳು ಕೆಲಸಕ್ಕೆ ಇಳಿಯುತ್ತವೆ ಎಂದೂ ನೋಡಿದರು. ಕೆಸರುಗದ್ದೆಯ ಹಂಗಿಲ್ಲದೆ ಬೆಳೆಯುವ ಏರೋಬಿಕ್ ಭತ್ತಕ್ಕಾಗಿ ದುಡಿದವರೂ ಇದೇ ಹಿತ್ತಲಮನಿಯವರು. ಇಷ್ಟು ಕೆಲಸ ನಡೆದ ತಳಿಯನ್ನು ನಮ್ಮ ಅಂಗಡಿಗಳಲ್ಲಿ 'ಅದೇ, ಆ ಮುನ್ನೂರ ಅರವತ್ತೈದು' ಎಂದು ಲಾರಿಯ ನಂಬರು ಹೇಳಿದಂತೆ ಹೇಳಿ ಕೊಡುತ್ತಾರೆ.

ಇನ್ನು ಕೊಳ್ಳುವ ಮಾತು. ನಾನು ಕೊಂಡದ್ದು ಪೇಟೆಯ ಒಂದು ಬೀಜ-ಗೊಬ್ಬರದ ಅಂಗಡಿಯಲ್ಲಿ. ಹೆಸರು ಹೇಳುವುದಿಲ್ಲ, ಹೇಳಿದರೂ ನಿಮ್ಮ ಪೇಟೆಯ ಅಂಗಡಿ ಅದಕ್ಕಿಂತ ಬೇರೆಯಾಗಿರುತ್ತದೆ ಎಂಬ ಭರವಸೆ ಇಲ್ಲ. ತಗಡಿನ ಮಾಡಿನ ಕೆಳಗೆ, ಯೂರಿಯಾ ಮೂಟೆಗಳ ಮಗ್ಗುಲಲ್ಲಿ ಬೀಜದ ಚೀಲಗಳನ್ನು ಒಟ್ಟಿದ್ದರು. ಬೇಸಗೆಯೆಲ್ಲ ಅಲ್ಲೇ ಬೆಂದಿದ್ದವೋ ಏನೋ. ಬೀಜ ಸತ್ತ ವಸ್ತುವಲ್ಲ, ಒಳಗೆ ಮೆಲ್ಲಗೆ ಉಸಿರಾಡುತ್ತಿರುತ್ತದೆ. ಸೆಕೆ ಮತ್ತು ತೇವ ಎರಡೂ ಸೇರಿದರೆ ಅದರ ಆಯುಸ್ಸು ತೀರುವುದು ಬೇಗ. ಕಾಳಿನ ತೇವ ಶೇಕಡಾ ಒಂದರಷ್ಟು ಇಳಿದರೆ ಆಯುಸ್ಸು ಇಮ್ಮಡಿ, ಶಾಖ ಐದು ಡಿಗ್ರಿ ತಗ್ಗಿದರೆ ಮತ್ತೆ ಇಮ್ಮಡಿ ಎಂದು ಅಮೆರಿಕದ ಹ್ಯಾರಿಂಗ್ಟನ್ ಎಂಬ ಬೀಜ ವಿಜ್ಞಾನಿ ಒಂದು ಅಂದಾಜಿನ ಸೂತ್ರ ಕೊಟ್ಟಿದ್ದಾರೆ. ತಗಡಿನ ಮಾಡು ಆ ಸೂತ್ರವನ್ನು ತಲೆಕೆಳಗಾಗಿ ಓದುತ್ತದೆ.

ಚೀಲಕ್ಕೆ ನೀಲಿ ಚೀಟಿ ಹೊಲಿದಿತ್ತು, ಅಂದರೆ ಪ್ರಮಾಣಿತ ಬೀಜ. ರಾಗಿಗೆ ಈ ಚೀಟಿ ಸಿಗಬೇಕಾದರೆ ಮೊಳಕೆ ಕನಿಷ್ಠ ಶೇ 75, ಶುದ್ಧತೆ ಶೇ 97, ತೇವ ಶೇ 12ರ ಒಳಗೆ ಇರಬೇಕು. ಚೀಟಿಯ ಆಯುಸ್ಸು ಪರೀಕ್ಷೆಯಾದ ದಿನದಿಂದ ಒಂಬತ್ತು ತಿಂಗಳು. ನನಗೆ ಸಿಕ್ಕ ಚೀಟಿಯಲ್ಲಿ ಪರೀಕ್ಷೆಯ ತಾರೀಕಿನ ಮೇಲೆಯೇ ಮಸಿ ಹರಡಿತ್ತು. ಕೇಳಿದ್ದಕ್ಕೆ ಅಂಗಡಿಯವರು, "ಎಲ್ಲಾ ಹೊಸ ಸ್ಟಾಕ್ ಸ್ವಾಮಿ, ಎಲ್ಲರೂ ಒಯ್ಯುತ್ತಿದ್ದಾರೆ" ಎಂದರು. ಎಲ್ಲರೂ ಒಯ್ಯುವುದು ಮೊಳಕೆಯ ಲೆಕ್ಕಕ್ಕೆ ಬರುವುದಿಲ್ಲ. ಇನ್ನೊಂದು ಚೀಲ ತೆಗೆಸಿ, ಅಕ್ಷರ ಕಾಣುವ ಚೀಟಿ ನೋಡಿ, ರಸೀದಿ ಬರೆಸಿಕೊಂಡೆ. ನೀವೂ ರಸೀದಿ ಬಿಡಬೇಡಿ, ಬೀಜ ಹುಟ್ಟದಿದ್ದರೆ ಮಾತನಾಡಲು ಉಳಿಯುವ ಕಾಗದ ಅದೊಂದೇ.

ಮನೆಗೆ ತಂದ ಮೇಲೆ ನೂರು ಕಾಳು ಎಣಿಸಿ ಒದ್ದೆ ವೃತ್ತಪತ್ರಿಕೆಯ ಮಡಿಕೆಯಲ್ಲಿಟ್ಟು ನೋಡುವುದು ನನ್ನ ವಾಡಿಕೆ. ಪ್ರಯೋಗಾಲಯದವರು ರಾಗಿಯನ್ನು ನಾಲ್ಕನೆಯ ದಿನ ಒಮ್ಮೆ, ಎಂಟನೆಯ ದಿನ ಕೊನೆಯ ಸಲ ಎಣಿಸುತ್ತಾರೆ. ನಾನು ಗಮನವಿಟ್ಟು ನೋಡುವುದು ನಾಲ್ಕನೆಯ ದಿನದ ಲೆಕ್ಕವನ್ನೇ. ಎಂಟು ದಿನ ಕಾದು ಮೆಲ್ಲಗೆ ಕಣ್ಣು ಬಿಡುವ ಕಾಳೂ ಚೀಟಿಯ ಮೇಲೆ 'ಮೊಳೆತದ್ದು' ಎಂದೇ ದಾಖಲಾಗುತ್ತದೆ, ಆದರೆ ನಮ್ಮ ಕೆಮ್ಮಣ್ಣಿನಲ್ಲಿ ಅದು ಮೇಲೆ ಬರುವುದಿಲ್ಲ. ಮಳೆ ಹೊಯ್ದು ಎರಡು ಬಿಸಿಲು ಬಿದ್ದರೆ ಸಾಕು, ನೆಲ ಹಕ್ಕಳೆಗಟ್ಟುತ್ತದೆ, ಮೇಲೆ ಗಟ್ಟಿ ಪದರ ಕೂರುತ್ತದೆ. ಸಾವಿರ ಕಾಳು ಸೇರಿದರೂ ಮೂರು ಗ್ರಾಂ ಆಸುಪಾಸು ತೂಗುವ ಬೀಜ ಇದು. ಅದರ ಹೊಟ್ಟೆಯಲ್ಲಿರುವ ಬುತ್ತಿ ಎಷ್ಟು, ಅದನ್ನು ತಿಂದು ಹಕ್ಕಳೆ ಒಡೆಯುವ ಶಕ್ತಿ ಎಷ್ಟು? ಬೇಗ ಹುಟ್ಟಿದ್ದು ಬದುಕುತ್ತದೆ, ತಡವಾದದ್ದು ಮಣ್ಣಿನಲ್ಲೇ ಮುಗಿಯುತ್ತದೆ. ನನ್ನ ಚೀಲದ್ದು ನಾಲ್ಕನೆಯ ದಿನಕ್ಕೇ ಎಂಬತ್ತರ ಮೇಲೆ ಬಂತು. ಅಂಗಡಿಯ ಬಗ್ಗೆ ಏನೇ ಹೇಳಿದರೂ ಬೀಜದ ಬಗ್ಗೆ ದೂರಿಲ್ಲ.

ಈಗ ಆ ನೀರು ಮತ್ತು ಪಂಚೆಯ ವಿಷಯ. ಬೀಜವನ್ನು ಗಡಸುಗೊಳಿಸುವ ಈ ವಿಧಾನ ಮಳೆಯಾಶ್ರಿತ ರಾಗಿಗೆ ಕೃಷಿ ವಿಜ್ಞಾನಿಗಳೇ ಮಾಡಿರುವ ಶಿಫಾರಸು, ನನ್ನ ಸ್ವಂತ ಬುದ್ಧಿಯಲ್ಲ. ಒಂದು ಕಿಲೋ ಬೀಜಕ್ಕೆ ಒಂದು ಲೀಟರ್ ನೀರು. ಆರು ಗಂಟೆ ನೆನೆಸಿ, ಬಸಿದು, ಒದ್ದೆ ಬಟ್ಟೆಯಲ್ಲಿ ಬಿಗಿಯಾಗಿ ಗಂಟು ಕಟ್ಟಿ ಎರಡು ದಿನ ಇಡಬೇಕು. ಮೊಳಕೆಯ ಸೂಚನೆ ಕಂಡೊಡನೆ ಬಿಚ್ಚಿ, ನೆರಳಿನಲ್ಲಿ ಒಣ ಬಟ್ಟೆಯ ಮೇಲೆ ಹರಡಿ ಎರಡು ದಿನ ಆರಿಸಬೇಕು. ಆಮೇಲೆ ಬಿತ್ತನೆ. ಇಷ್ಟೇ.

ಇದರಲ್ಲಿ ಏನು ನಡೆಯುತ್ತದೆ ಎಂದು ತಿಳಿದರೆ ಮಾಡುವ ಕೈಗೆ ಎಚ್ಚರ ಬರುತ್ತದೆ. ಒಣ ಕಾಳು ನೀರು ಕಂಡೊಡನೆ ಗಟಗಟನೆ ಕುಡಿಯುತ್ತದೆ. ಅದು ಜೀವದ ಕೆಲಸವಲ್ಲ, ಸತ್ತ ಕಾಳೂ ಹಾಗೆಯೇ ಉಬ್ಬುತ್ತದೆ. ಅನಂತರ ಕುಡಿಯುವುದು ಹೆಚ್ಚುಕಡಿಮೆ ನಿಂತು, ಒಳಗಿನ ದುರಸ್ತಿ ಆರಂಭವಾಗುತ್ತದೆ. ಸಂಗ್ರಹದಲ್ಲಿದ್ದಾಗ ಕೆಟ್ಟ ಡಿ.ಎನ್.ಎ. ಎಳೆಗಳು ರಿಪೇರಿಯಾಗುತ್ತವೆ, ಪಿಷ್ಟ ಕರಗಿಸುವ ಕಿಣ್ವಗಳು ಎಚ್ಚರಗೊಳ್ಳುತ್ತವೆ. ಮೂರನೆಯ ಹಂತದಲ್ಲಿ ಬೇರು ಹೊರಬಿದ್ದು ಮತ್ತೆ ನೀರು ಎಳೆಯುತ್ತದೆ. ಈ ಎರಡನೆಯ ಹಂತ ಮುಗಿಯುವ ತನಕ ಬೀಜವನ್ನು ಹಿಂದಕ್ಕೆ ಒಣಗಿಸಿದರೂ ಅದು ಸಾಯುವುದಿಲ್ಲ, ಮಾಡಿಕೊಂಡ ತಯಾರಿಯೂ ಬಹುಪಾಲು ಉಳಿಯುತ್ತದೆ. ಬೇರು ಹೊರಬಂದ ಮೇಲೆ ಒಣಗಿಸಿದರೆ ಮಾತ್ರ ಕಥೆ ಮುಗಿಯಿತು. ಹೊಲದ ತೇವ ಮೂರೇ ದಿನ ಉಳಿಯುವ ನಮ್ಮಂಥ ಕಡೆ, ಮಣ್ಣಿಗೆ ಬೀಳುವ ಮೊದಲೇ ಅರ್ಧ ದಾರಿ ನಡೆದಿರುವ ಬೀಜ ಎಷ್ಟು ಲಾಭದ್ದು ಎಂದು ಬಿಡಿಸಿ ಹೇಳಬೇಕಿಲ್ಲ.

ಶಿಫಾರಸಿನ ಕರಪತ್ರದ ಬಗ್ಗೆ ನನ್ನ ತಕರಾರು ಇರುವುದು ಆ 'ಎರಡು ದಿನ'ದ ಮೇಲೆ. ಸೆಕೆಯ ದಿನಗಳಲ್ಲಿ, ಅದರಲ್ಲೂ ಗಂಟನ್ನು ಒಲೆಯ ಹತ್ತಿರದ ಮೂಲೆಯಲ್ಲಿಟ್ಟರೆ, ರಾಗಿ ಎರಡು ದಿನ ಕಾಯುವುದಿಲ್ಲ. ಎರಡನೆಯ ದಿನ ಬೆಳಿಗ್ಗೆ ಗಂಟಿನೊಳಗೆ ಕೈಯಿಟ್ಟರೆ ಬೆಚ್ಚಗೆ ಹತ್ತುತ್ತದೆ, ಹಸಿ ಹಿಟ್ಟಿನ ವಾಸನೆ ಬರುತ್ತದೆ. ಒಂದು ಚಿಟಿಕೆ ಕಾಳನ್ನು ಅಂಗೈಗೆ ಹಾಕಿಕೊಂಡು ಬಾಗಿಲ ಬೆಳಕಿನಲ್ಲಿ ನೋಡಬೇಕು. ತಾಮ್ರದ ಬಣ್ಣದ ಸಿಪ್ಪೆ ಒಂದು ತುದಿಯಲ್ಲಿ ಸೀಳಿ, ಸೂಜಿಮೊನೆಯಷ್ಟು ಬಿಳುಪು ಇಣುಕುತ್ತಿದ್ದರೆ ಅದೇ ಹೊತ್ತು. ಅಲ್ಲಿಗೆ ನಿಲ್ಲಿಸಬೇಕು. ಆ ಬಿಳುಪು ಎಳೆಯಾಗಿ ಉದ್ದವಾದರೆ ನಿಮ್ಮ ಕೈಯಲ್ಲಿರುವುದು ಬಿತ್ತನೆ ಬೀಜವಲ್ಲ, ಮಕ್ಕಳ ರಾಗಿ ಸರಿಗೆ ಮಾಡುವ ಮೊಳಕೆ. ನಮ್ಮ ಅತ್ತಿಗೆ ಈ ಪರೀಕ್ಷೆಯಲ್ಲಿ ನನಗಿಂತ ಚುರುಕು. ಹುರಿಹಿಟ್ಟಿಗೆ ರಾಗಿ ಮೊಳಕೆ ಕಟ್ಟಿ ಕಟ್ಟಿ ಅವರ ಬೆರಳಿಗೇ ಗೊತ್ತು. "ಗಡಿಯಾರ ನೋಡಬೇಡಪ್ಪ, ಕಾಳು ನೋಡು" ಎನ್ನುತ್ತಾರೆ. ಕರಪತ್ರದಲ್ಲಿ ಈ ಸಾಲು ಸೇರಿಸಿದರೆ ಒಳ್ಳೆಯದು.

ಇನ್ನೊಂದು ತೊಡಕು ಚೀಲದಲ್ಲೇ ಇದೆ. ಈಗಿನ ಬಹಳಷ್ಟು ಬೀಜಕ್ಕೆ ಶಿಲೀಂಧ್ರನಾಶಕದ ಪುಡಿ ಬೆರೆಸಿ ಬಣ್ಣ ಹಚ್ಚಿರುತ್ತಾರೆ. ಅಂಥದ್ದನ್ನು ನೆನೆಸಿದರೆ ನೀರೆಲ್ಲ ಗುಲಾಬಿಯಾಗುತ್ತದೆ. ಬೆಲೆ ಕೊಟ್ಟು ಕೊಂಡ ಔಷಧಿ ತೊಳೆದು ಹೋಯಿತು ಎಂಬುದು ಒಂದು ನಷ್ಟ. ಆ ನೀರನ್ನು ಯಾರಾದರೂ ಕಲಗಚ್ಚಿನ ಬಾನಿಗೆ ಸುರಿದು ದನ ಕುಡಿದರೆ ಅದು ದೊಡ್ಡ ಅನಾಹುತ. ಆದ್ದರಿಂದ ಔಷಧಿ ಬೆರೆಸದ ಬೀಜ ಕೇಳಿ ಪಡೆಯಿರಿ, ಗಡಸುಗೊಳಿಸಿ ಆರಿಸಿದ ಮೇಲೆ ಬೇಕಾದರೆ ನೀವೇ ಔಷಧಿ ಹಚ್ಚಿಕೊಳ್ಳಿ. ಬಣ್ಣದ ಬೀಜವನ್ನು ಅಡುಗೆಮನೆಯ ಪಾತ್ರೆಗೆ ಹಾಕಲೇಬೇಡಿ. ಬೀಜ ತಯಾರಿಸುವವರಿಗೆ ನನ್ನ ಪ್ರಶ್ನೆ ಇಷ್ಟೇ: ಖುಷ್ಕಿ ರೈತನಿಗೆಂದೇ ಬೆಳೆಸಿದ ತಳಿಯನ್ನು, ಖುಷ್ಕಿಗೆಂದೇ ಹೇಳಿಕೊಟ್ಟ ವಿಧಾನಕ್ಕೆ ಒಗ್ಗದ ಹಾಗೆ ಚೀಲಕ್ಕೆ ತುಂಬುವುದು ಯಾವ ಲೆಕ್ಕಾಚಾರ?

ಮೂರನೆಯ ತೊಡಕು ಆಕಾಶದ್ದು. ನೆನೆಸುವುದರಿಂದ ಆರುವ ತನಕ ನಾಲ್ಕು ದಿನ ಬೇಕು. ಮಳೆ ಬಂದ ಮೇಲೆ ನೆನೆಸಲು ಕುಳಿತರೆ ಬೀಜ ಸಿದ್ಧವಾಗುವ ಹೊತ್ತಿಗೆ ಹೊಲದ ಹದ ಹಾರಿರುತ್ತದೆ. ಮೊದಲೇ ಸಿದ್ಧ ಮಾಡಿಟ್ಟುಕೊಂಡರೆ ಮಳೆ ಕೈಕೊಡಬಹುದು. ಗಡಸುಗೊಳಿಸಿದ ಬೀಜ ಸಾದಾ ಬೀಜದಷ್ಟು ಕಾಲ ತಾಳುವುದಿಲ್ಲ, ಮುಂದಿನ ವರ್ಷಕ್ಕೆ ಎತ್ತಿಡುವಂತಿಲ್ಲ. ನಾನು ಪುನರ್ವಸು ಮಳೆ ಕಳೆದು ಪುಷ್ಯ ಮಳೆ ಹಿಡಿಯುವ ಹೊತ್ತಿಗೆ, ಮೋಡ ಕಟ್ಟುವ ಲಕ್ಷಣ ನೋಡಿ, ಬೇಕಾದ ಬೀಜದಲ್ಲಿ ಅರ್ಧವನ್ನು ಮಾತ್ರ ನೆನೆಸುತ್ತೇನೆ. ಕೂರಿಗೆ ಬಿತ್ತನೆಗೆ ಎಕರೆಗೆ ಐದು ಕಿಲೋ ಸಾಕು. ಆರಿಸುವುದು ಚೆನ್ನಾಗಿ ಆಗಿರಬೇಕು, ಇಲ್ಲದಿದ್ದರೆ ಕಾಳು ಕೂರಿಗೆಯ ಬಟ್ಟಲಿಗೆ ಅಂಟಿಕೊಂಡು ಸಾಲಿನಲ್ಲಿ ತೆರಪು ಬೀಳುತ್ತದೆ.

ಅರ್ಧ ನೆನೆಸಿದ್ದರಿಂದ ಒಂದು ಉಪಕಾರವಾಯಿತು. ಒಂದೇ ಹೊಲ, ಒಂದೇ ದಿನ, ಬದುವಿನ ಕಡೆ ಗಡಸುಗೊಳಿಸಿದ್ದು, ಹುಣಸೆಮರದ ಕಡೆ ಸಾದಾ ಬೀಜ. ಬಿತ್ತಿದ ಮೇಲೆ ಒಂದು ತುಂತುರು ಬಿತ್ತು, ಆಮೇಲೆ ಬರೀ ಗಾಳಿ. ಬದುವಿನ ಕಡೆಯ ಸಾಲುಗಳು ಮುಂಚಿತವಾಗಿ, ಒಂದೇ ಸಮನಾಗಿ ಹಸಿರು ಗೀಟು ಎಳೆದವು. ಹುಣಸೆಮರದ ಕಡೆ ಅಲ್ಲೊಂದು ಇಲ್ಲೊಂದು. ಹಕ್ಕಳೆ ಎತ್ತಿ ನೋಡಿದರೆ ಕೆಳಗೆ ಸುತ್ತಿಕೊಂಡು ಹಳದಿಯಾದ ಮೊಳಕೆಗಳು. ಎರಡೂ ಕಡೆ ಬೀಜ ಎಂ.ಎಲ್.-365 ಎಂಬುದನ್ನು ಮರೆಯಬೇಡಿ. 85,243 ಜೀನ್‌ಗಳೂ ಹುಣಸೆಮರದ ಕಡೆಯ ಮೊಳಕೆಗೆ ಆ ವಾರ ಒದಗಲಿಲ್ಲ.

ಹಾಗೆಂದು ಕೊನೆಯ ಫಸಲಿನಲ್ಲಿ ಅಜಗಜಾಂತರವೇನೂ ಬರಲಿಲ್ಲ. ರಾಗಿ ಉದಾರಿ. ಪಕ್ಕದಲ್ಲಿ ಜಾಗ ಸಿಕ್ಕರೆ ತೆಂಡೆ ಒಡೆದು, ಅಂದರೆ ಬುಡದಿಂದ ಮರಿಗಳನ್ನು ಎಬ್ಬಿಸಿ, ತುಂಬಿಕೊಳ್ಳುತ್ತದೆ. ಹುಣಸೆಮರದ ಕಡೆಯೂ ಕೆಲವು ತೆರಪುಗಳು ಹಾಗೆ ಮುಚ್ಚಿದವು. ದೊಡ್ಡ ತೆರಪುಗಳಲ್ಲಿ ಕಳೆ ಬಂದು ಕುಳಿತಿತು, ಎಡೆಕುಂಟೆ ಹೊಡೆದ ಮೇಲೂ ಕೈಯಿಂದ ಕೀಳಿಸಬೇಕಾಯಿತು. ನನಗಾದ ವ್ಯತ್ಯಾಸವನ್ನು ಕಾಳಿನ ಲೆಕ್ಕಕ್ಕಿಂತ ಕೂಲಿಯ ಲೆಕ್ಕದಲ್ಲಿ ಹೇಳುವುದು ಸರಿ.

ತಳಿಯ ನಿಜವಾದ ಗುಣ ಕಂಡದ್ದು ಆಮೇಲೆ. ತೆಂಡೆ ಒಡೆಯುವ ಕಾಲಕ್ಕೆ ಮಳೆ ಹಿಂದೆಗೆಯಿತು. ಮಧ್ಯಾಹ್ನ ಎಲೆಗಳು ಸುರುಳಿ ಸುತ್ತಿಕೊಂಡು ಹೊಲವೇ ತೆಳ್ಳಗಾದಂತೆ ಕಾಣುತ್ತಿತ್ತು, ಬೆಳಿಗ್ಗೆ ಹೋದರೆ ಮತ್ತೆ ಬಿಚ್ಚಿಕೊಂಡಿರುತ್ತಿದ್ದವು. ಬೆಳವಣಿಗೆ ನಿಂತಿತು, ಆದರೆ ಬುಡದ ಎಲೆಗಳು ಸುಡಲಿಲ್ಲ. ಮಳೆ ಮರಳಿದ ಮೇಲೆ ಎದ್ದ ವೇಗ ನೋಡಿ, ಪಕ್ಕದ ಹೊಲದಲ್ಲಿ ಹೆಸರಿಲ್ಲದ ಹಳೆಯ ಬೀಜ ಹಾಕಿದ್ದ ಯಜಮಾನರು ಬದುವಿನ ಮೇಲೆ ನಿಂತು, "ಇದೇನಪ್ಪ, ರಾತ್ರಿ ಕದ್ದು ನೀರು ಬಿಟ್ಟೆಯಾ?" ಎಂದರು. ಬಿಡಲು ನನ್ನಲ್ಲಿ ಬಾವಿಯೇ ಇಲ್ಲವೆಂದು ಅವರಿಗೂ ಗೊತ್ತು. ಒಂದು ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ. ಹೊಡೆ ಬಿಚ್ಚಿ ಹೂವಾಗುವ ಕಾಲಕ್ಕೆ ಮಳೆ ಪೂರ್ತಿ ಕೈಬಿಟ್ಟರೆ ಈ ತಳಿಯಾದರೂ ಕಾಳು ಕಟ್ಟುವುದು ಕಷ್ಟ. ಹಾಗಾಗಿ ಇದನ್ನು ಜುಲೈಯಿಂದ ಆಗಸ್ಟ್ ಮಧ್ಯದೊಳಗೆ ಬಿತ್ತಿಬಿಡಬೇಕು. ತೀರಾ ತಡವಾದರೆ ಜಿ.ಪಿ.ಯು.-48ರಂಥ ಅಲ್ಪಾವಧಿಯದೇ ಮೇಲು.

ಗಡಸುಗೊಳಿಸುವುದನ್ನು ಹಳ್ಳಿಯ ಕೈಮದ್ದು ಎಂದು ನಗುವವರು ಜಿ.ಕೆ.ವಿ.ಕೆ.ಯ ಬೆಳೆ ಶರೀರಕ್ರಿಯಾ ವಿಭಾಗ ಏನು ಮಾಡಿದೆ ಎಂದು ಕೇಳಿ ತಿಳಿಯಲಿ. ಪ್ರೊ. ಎಂ. ಉದಯಕುಮಾರ್ ಅವರ ತಂಡ ಅಲ್ಲಿ ರೂಪಿಸಿದ ಒಂದು ಪರೀಕ್ಷೆಯಿದೆ. ಎಳೆಯ ಮೊಳಕೆಗಳಿಗೆ ಮೊದಲು ಹಂತಹಂತವಾಗಿ ಸಹಿಸಬಹುದಾದ ಶಾಖ ಕೊಟ್ಟು, ಆಮೇಲೆ ಸಾಮಾನ್ಯವಾಗಿ ಸಾಯಿಸುವಷ್ಟು ಶಾಖಕ್ಕೆ ಒಡ್ಡುತ್ತಾರೆ. ನೇರವಾಗಿ ದೊಡ್ಡ ಶಾಖಕ್ಕೆ ಹಾಕಿದರೆ ಸಾಯುವ ಮೊಳಕೆಗಳಲ್ಲಿ ಕೆಲವು, ಮೊದಲು ಸಣ್ಣ ಶಾಖ ಉಂಡಿದ್ದರೆ ಬದುಕುತ್ತವೆ. ಹಾಗೆ ಬದುಕಿದವನ್ನು ಆರಿಸಿ ಸೂರ್ಯಕಾಂತಿಯಲ್ಲಿ ಶಾಖ ತಾಳುವ ಸಾಲುಗಳನ್ನು ಬೆಳೆಸಿದರು, 2003ರಲ್ಲಿ ಪ್ರಕಟಿಸಿದರು. ಅವರದು ತಳಿ ಆರಿಸುವ ಕೆಲಸ, ನಮ್ಮದು ಬಿತ್ತನೆಯ ಕೆಲಸ, ಎರಡೂ ಒಂದೇ ಅಲ್ಲ. ಆದರೆ ಎಳೆತನದಲ್ಲಿ ಉಂಡದ್ದನ್ನು ಗಿಡ ಲೆಕ್ಕಕ್ಕೆ ಇಟ್ಟುಕೊಳ್ಳುತ್ತದೆ ಎಂಬುದನ್ನು ಎರಡೂ ನೆಚ್ಚಿಕೊಂಡಿವೆ.

ಗಿರಣಿಯವನ ತೀರ್ಪು ಬಾಕಿಯಿದೆ. ಕಾಳು ದುಂಡಗೆ, ತೂಕವಾಗಿ ಬಂತು. ಕಣದಲ್ಲಿ ತೆನೆ ಸುಲಭವಾಗಿ ಉದುರಿತು. ಬೀಸುವಾಗ ಕಲ್ಲಿಗೆ ಮೆತ್ತಿಕೊಳ್ಳುವುದಿಲ್ಲ, ಹಿಟ್ಟು ನುಣ್ಣಗೆ ಬೀಳುತ್ತದೆ. ಮುದ್ದೆ ಎಸರಿನಲ್ಲಿ ಚೆನ್ನಾಗಿ ಬೇಯುತ್ತದೆ, ಕೋಲಿಗೆ ಹಿಡಿತ ಕೊಡುತ್ತದೆ, ರಾತ್ರಿ ಉಳಿದದ್ದು ಬೆಳಿಗ್ಗೆಗೆ ಬಿರುಕು ಬಿಡುವುದಿಲ್ಲ. ಬಣ್ಣ ಮಾತ್ರ ಹಳೆಯ ನಾಟಿ ರಾಗಿಯಷ್ಟು ಕಪ್ಪಲ್ಲ. ಕಪ್ಪು ಮುದ್ದೆಯೇ ಮುದ್ದೆ ಎನ್ನುವ ಹಿರಿಯರು ನಮ್ಮ ಮನೆಯಲ್ಲೂ ಇದ್ದಾರೆ, ಅವರಿಗೆ ಇದು ಪೂರ್ತಿ ಒಪ್ಪಿಗೆಯಿಲ್ಲ. ಹುಲ್ಲು ಮೆದು, ಹಸುಗಳು ಕಡ್ಡಿ ಬಿಡದೆ ತಿನ್ನುತ್ತವೆ.

ರಾಗಿ ಸ್ವಕೀಯ ಪರಾಗಸ್ಪರ್ಶದ ಬೆಳೆ, ಹೈಬ್ರಿಡ್ ಅಲ್ಲ. ಪ್ರತಿ ವರ್ಷ ಅಂಗಡಿಗೆ ಹೋಗುವ ಅಗತ್ಯವಿಲ್ಲ. ಹೊಲದ ನಡುವಿನ ಒಳ್ಳೆಯ ತೆನೆಗಳನ್ನು ಬೇರೆಯಾಗಿ ಬಡಿದು, ಹಲ್ಲಿಗೆ ಹಾಕಿದರೆ ಕಟಕ್ಕೆನ್ನುವ ತನಕ ಒಣಗಿಸಿ, ಮುಚ್ಚಳ ಬಿಗಿಯಾದ ಡಬ್ಬದಲ್ಲಿ, ಮನೆಯ ತಣ್ಣನೆಯ ಮೂಲೆಯಲ್ಲಿ ಇಟ್ಟರೆ ಕೆಲವು ವರ್ಷ ಸಾಗುತ್ತದೆ. ಬೀಜ ಬೆರಕೆಯಾಯಿತು ಅನ್ನಿಸಿದಾಗ ಹೊಸ ಚೀಲ ತಂದರಾಯಿತು. 2001ರ ಸಸ್ಯ ತಳಿ ಮತ್ತು ರೈತರ ಹಕ್ಕು ಸಂರಕ್ಷಣಾ ಕಾಯ್ದೆಯ ಪ್ರಕಾರ ರೈತ ತಾನು ಬೆಳೆದ ಬೀಜವನ್ನು ಎತ್ತಿಡಬಹುದು, ಬಿತ್ತಬಹುದು, ಹಂಚಬಹುದು, ಮಾರಲೂಬಹುದು. ಬ್ರ್ಯಾಂಡಿನ ಚೀಟಿ ಅಂಟಿಸಿ ಮಾರುವಂತಿಲ್ಲ, ಅಷ್ಟೇ. ನನ್ನಲ್ಲಿ ಈ ಸಲದ್ದು ಸ್ವಲ್ಪ ಇದೆ, ಔಷಧಿ ಬೆರೆಸಿಲ್ಲ, ಬಣ್ಣ ಹಚ್ಚಿಲ್ಲ. ಬೇಕಾದವರು ಮಧ್ಯಾಹ್ನದ ಮೇಲೆ ಗಿರಣಿಗೆ ಬನ್ನಿ. ಬೆಳಗಿನ ಹೊತ್ತು ಯಂತ್ರದ ಸದ್ದಿನಲ್ಲಿ ಯಾರ ಮಾತೂ ಕೇಳಿಸುವುದಿಲ್ಲ.